ಇಳಿಯುವ ಸ್ಟಾಪು ಮೊದಲು ಗೊತ್ತಿರಲಿ

ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು ನಾನು. ಬಸ್ಸಿಗೆ ಯಾರೇ ಹತ್ತಲಿ, ‘ಎಲ್ಲಿ ಇಳೀತೀರಿ?’ ಅನ್ನುವುದೇ ನನ್ನ ಮೊದಲ ಪ್ರಶ್ನೆ. ಈಗ ಮನೆಯಲ್ಲಿ ಹೊಸ ಡ್ಯೂಟಿ ಬಿದ್ದಿದೆ. ಮೊಮ್ಮಗನನ್ನು ಸುತ್ತಾಡಿಸಿಕೊಂಡು ಬರುವುದು. ಹನ್ನೊಂದು ವರ್ಷದ ಹುಡುಗ, ಆಟಿಸಂ ಇದೆ. ಮಾತು ಕಡಿಮೆ, ಓಟ ಜಾಸ್ತಿ. ಇವನ ಜೊತೆ ಹೊರಡುವಾಗಲೂ ನಾನು ಮೊದಲು ಯೋಚಿಸುವುದು ಇಳಿಯುವುದನ್ನೇ. ಅವನಿಗೆ ಸಾಕಾಯಿತು ಅಂದರೆ ಐದು ಹತ್ತು ನಿಮಿಷದಲ್ಲಿ ಅಲ್ಲಿಂದ ಹೊರಬೀಳಲು ದಾರಿ ಇದೆಯೇ? ಹೊರಗೆ ಬಂದರೆ ಆಟೋನೋ ಬಸ್ಸೋ ಸಿಗುತ್ತದೆಯೇ? ಇದಕ್ಕೆ ಉತ್ತರ ಸಿಗದ ಜಾಗ ಎಷ್ಟು ಚೆನ್ನಾಗಿದ್ದರೂ ನಮಗೆ ಬೇಡ.

“ಅವನಿಗೂ ತೊಂದರೆ, ನಿಮಗೂ ತೊಂದರೆ. ಮನೇಲೇ ಬಿಟ್ಟು ಬರಬಾರದಾ ಸಾರ್?” ಎನ್ನುವವರು ಬಹಳ ಜನ. ಕೆಟ್ಟ ಮನಸ್ಸಿನಿಂದೇನೂ ಅಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಮಗು ಮನೆಯಲ್ಲಿ ಉಳಿದರೆ ಜೊತೆಗೆ ದೊಡ್ಡವರೊಬ್ಬರು ಉಳಿಯಬೇಕು, ಅದು ಹೆಚ್ಚು ಕಡಿಮೆ ಯಾವಾಗಲೂ ತಾಯಿಯೇ. ತಾಯಿ ಬಾರದ ಮದುವೆಗೆ ಮಗುವಿನ ಅಕ್ಕ ಮುಖ ಊದಿಸಿಕೊಂಡು ಹೋಗುತ್ತಾಳೆ, ಆಮೇಲೆ ಹೋಗುವುದನ್ನೇ ಬಿಡುತ್ತಾಳೆ. ಹೀಗೇ ಕೆಲವು ವರ್ಷ ಕಳೆದರೆ ನೆಂಟರು ಲಗ್ನಪತ್ರಿಕೆಯನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಿ ಸುಮ್ಮನಾಗುತ್ತಾರೆ. ಇನ್ನು ಮಗುವಿಗೆ ಹೊರಗಡೆ ಅಂದರೆ ಆಸ್ಪತ್ರೆ, ಥೆರಪಿ ಅಷ್ಟೇ ಎಂದಾಗಿಬಿಡುತ್ತದೆ. ಚಪ್ಪಲಿ ಹಾಕಿದ ಕೂಡಲೇ ಅಳುವ ಮಕ್ಕಳಿದ್ದಾರಲ್ಲ, ಅವರಲ್ಲಿ ಕೆಲವರಿಗಾದರೂ ಹೊಸ್ತಿಲು ದಾಟಿದರೆ ಸೂಜಿ ಎಂಬುದೇ ಅನುಭವ.

ಹೊರಗೆ ಹೋಗುವುದು ಈ ಮಕ್ಕಳಿಗೆ ಯಾಕಿಷ್ಟು ಕಷ್ಟ? ನಮ್ಮ ಬಸ್ ಸ್ಟ್ಯಾಂಡನ್ನೇ ತೆಗೆದುಕೊಳ್ಳಿ. ಮೈಕಿನಲ್ಲಿ ಕೂಗು, ಹಾರ್ನು, ಡೀಸೆಲ್ ಹೊಗೆ, ಸೌತೆಕಾಯಿ ಮಾರುವವನ ದನಿ, ಯಾರದೋ ಬ್ಯಾಗು ಮೈಗೆ ತಾಗುವುದು. ಇವುಗಳಲ್ಲಿ ಬೇಡದ್ದನ್ನು ನನ್ನ ತಲೆ ತಾನಾಗಿ ಪಕ್ಕಕ್ಕೆ ತಳ್ಳುತ್ತದೆ. ನನಗೆ ಬೇಕಾದ ನಂಜನಗೂಡು ಬಸ್ಸಿನ ಬೋರ್ಡು ಮಾತ್ರ ಕಾಣುತ್ತದೆ. ಮೊಮ್ಮಗನಿಗೆ ಎಲ್ಲವೂ ಒಟ್ಟಿಗೆ, ಅದೇ ಜೋರಿನಲ್ಲಿ ಒಳಗೆ ನುಗ್ಗುತ್ತವೆ. ಇದು ಅಪ್ಪ ಅಮ್ಮಂದಿರ ಕಲ್ಪನೆಯಲ್ಲ. ಆಟಿಸಂ ಗುರುತಿಸಲು ಪ್ರಪಂಚದ ಬಹಳಷ್ಟು ವೈದ್ಯರು ಬಳಸುವ ಡಿಎಸ್‌ಎಂ ಎಂಬ ಕೈಪಿಡಿಯಲ್ಲಿ, 2013ರ ಐದನೇ ಆವೃತ್ತಿಯಿಂದ, ಸದ್ದು, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನೂ ಲಕ್ಷಣಗಳ ಪಟ್ಟಿಗೆ ಸೇರಿಸಿದ್ದಾರೆ. ಹಾಗಾಗಿ ನಡುಬೀದಿಯಲ್ಲಿ ಮಗು ಕಿವಿ ಮುಚ್ಚಿಕೊಂಡು ಚೀರಿದರೆ ಅದನ್ನು ಹಠ ಎಂದುಕೊಳ್ಳಬೇಡಿ. ಹಠ ಮಾಡುವ ಮಗು ಕೇಳಿದ್ದು ಕೊಟ್ಟರೆ ಸುಮ್ಮನಾಗುತ್ತದೆ, ನಡುವೆ ಒಮ್ಮೆ ನೀವು ನೋಡುತ್ತಿದ್ದೀರಾ ಎಂದು ಓರೆಗಣ್ಣಿನಲ್ಲಿ ನೋಡುತ್ತದೆ. ಇದು ಹಾಗಲ್ಲ. ಏನು ಕೊಟ್ಟರೂ ನಿಲ್ಲುವುದಿಲ್ಲ, ಸದ್ದಿನಿಂದ ದೂರ ಕರೆದುಕೊಂಡು ಹೋಗಬೇಕು, ಕಾಯಬೇಕು. ಆ ಹೊತ್ತಿನಲ್ಲಿ ಬುದ್ಧಿಮಾತೂ ಇನ್ನೊಂದು ಸದ್ದೇ.

ವಿಶೇಷ ಅಗತ್ಯದ ಮಕ್ಕಳ ಪ್ರವಾಸ ಎಂದರೆ ರೆಸಾರ್ಟು, ಥೀಮ್ ಪಾರ್ಕು ಎಂದು ಬರೆಯುವವರು ಬರೆಯುತ್ತಾರೆ. ನಮ್ಮಂಥವರ ಮನೆಯಲ್ಲಿ ಹೊರಗೆ ಹೋಗುವುದು ಅಂದರೆ ಮದುವೆ, ಗೃಹಪ್ರವೇಶ, ದೇವಸ್ಥಾನ. ಮದುವೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ಅನಾಹುತ ಅಲ್ಲೇ. ವಾಲಗ ಊದುತ್ತಿದ್ದರೆ ಮೊಮ್ಮಗ ಹೇಗೋ ತಡೆದುಕೊಳ್ಳುತ್ತಾನೆ. ಅವನನ್ನು ಬೀಳಿಸುವುದು ಗಟ್ಟಿಮೇಳ. ಪುರೋಹಿತರು ಕೈ ಎತ್ತಿದ್ದೇ ತಡ, ಮುನ್ಸೂಚನೆಯೇ ಇಲ್ಲದೆ ಡೋಲು ಸಿಡಿಯುತ್ತದೆ, ಜನ ಎದ್ದು ನಿಲ್ಲುತ್ತಾರೆ, ಅಕ್ಷತೆ ಮೈಮೇಲೆ ಬೀಳುತ್ತದೆ. ಆದರೆ ಗಟ್ಟಿಮೇಳದ ಹೊತ್ತು ಲಗ್ನಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ! ಮುಹೂರ್ತಕ್ಕೆ ಕಾಲು ಗಂಟೆ ಮುಂಚೆ ನಾನೂ ಅವನೂ ಛತ್ರದ ಹಿಂಭಾಗಕ್ಕೆ, ಪಾತ್ರೆ ತೊಳೆಯುವ ಕಡೆಗೆ ಹೋಗಿಬಿಡುತ್ತೇವೆ. ನಲ್ಲಿ ನೀರು ಬೀಳುವುದನ್ನು ನೋಡುತ್ತ ನಿಂತರೆ ಅವನಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ತಾಳಿ ಕಟ್ಟಿದ್ದನ್ನು ಅವನ ಅಮ್ಮ ನೋಡಿಕೊಂಡು ಬರುತ್ತಾಳೆ.

ಇನ್ನು ಊಟ. ಪಂಕ್ತಿಯಲ್ಲಿ ಕೂತವರ ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಕುರ್ಚಿ ಹಿಡಿದು ನಿಲ್ಲುತ್ತಾರಲ್ಲ, ಅದು ನನಗೇ ಆಗದು, ಮಗುವಿಗೆ ಹೇಗಾದೀತು? ಹೋದ ಕೂಡಲೇ ಅಡುಗೆಯವರನ್ನು ಕಂಡು ಒಂದು ಮಾತು ಹೇಳಿಡುತ್ತೇನೆ: “ಹುಡುಗನಿಗೆ ಜನ ಆಗಲ್ಲ, ಎಲೆ ಹಾಕೋ ಮುಂಚೆ ಇವನಿಗೆ ಒಂದಿಷ್ಟು ಅನ್ನ ಮೊಸರು ಹಾಕ್ತೀರಾ?” ಇಲ್ಲ ಎಂದವರನ್ನು ನಾನು ಕಂಡಿಲ್ಲ. ಅಡುಗೆಮನೆಯ ಜನ ಛತ್ರದ ಮುಂಬಾಗಿಲ ಜನಕ್ಕಿಂತ ಯಾವಾಗಲೂ ವಾಸಿ.

ದೇವಸ್ಥಾನದಲ್ಲೂ ಹೀಗೇ. ಈಗ ಎಷ್ಟೋ ಕಡೆ ಮಂಗಳಾರತಿಗೆ ಕರೆಂಟಿನಲ್ಲಿ ಬಾರಿಸುವ ನಗಾರಿ, ಗಂಟೆ ಬಂದಿವೆ. ಭಕ್ತಿಯಿಂದ ಬಾರಿಸುವ ಕೈಗಾದರೂ ಸುಸ್ತಾಗುತ್ತದೆ, ಯಂತ್ರಕ್ಕೆ ಅದೂ ಇಲ್ಲ. ಅರ್ಚಕರನ್ನು ಕೇಳಿ ಮಂಗಳಾರತಿ ಹೊತ್ತು ತಪ್ಪಿಸಿ ಹೋಗುವುದು ಒಳ್ಳೆಯದು. ಕಾರ್ಖಾನೆಯಲ್ಲಿ ಹಾಕಿಕೊಳ್ಳುವ ಇಯರ್ ಮಫ್ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಚೀಲದಲ್ಲಿ ಇಟ್ಟುಕೊಂಡಿರಿ, ಆದರೆ ಮೊದಲು ಮನೆಯಲ್ಲೇ ಹಾಕಿ ರೂಢಿ ಮಾಡಿಸಿ.

ರೂಢಿ ಅಂದೆನಲ್ಲ, ಮೈಸೂರಿನವನಾಗಿ ನನಗೆ ಅದಕ್ಕೆ ಸಿಗುವ ಹೋಲಿಕೆ ದಸರಾ ಆನೆಗಳದ್ದು. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುತ್ತವೆ. ಕಾಡಿನ ಶಿಬಿರದಿಂದ ಬಂದ ಆನೆ ಅದನ್ನು ಆ ದಿನವೇ ಮೊದಲ ಸಲ ಕೇಳಿದರೆ ಏನಾದೀತು ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ವಾರಗಟ್ಟಲೆ ಮುಂಚೆ ತಾಲೀಮು. ಮೊದಲು ಅರಮನೆಯಿಂದ ಬನ್ನಿಮಂಟಪದವರೆಗೆ ಬರಿ ನಡಿಗೆ. ಆಮೇಲೆ ಬೆನ್ನಿಗೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. 750 ಕೆ.ಜಿ.ಯ ಚಿನ್ನದ ಅಂಬಾರಿ ಹೊರುವುದು ಕೊನೆಗೆ. ಫಿರಂಗಿಯ ಸದ್ದಿಗೂ ಬೇರೆ ತಾಲೀಮು, ಪಕ್ಕದಲ್ಲಿ ಮಾವುತ, ಕಾವಾಡಿ ಮೈ ಸವರುತ್ತ ನಿಂತಿರುತ್ತಾರೆ. ಆನೆಗೆ ಇಷ್ಟು ಮಾಡುವ ಊರು ಮಗುವನ್ನು ಮಾತ್ರ ಒಂದೇ ಏಟಿಗೆ ಜಾತ್ರೆಯ ನಡುವೆ ನಿಲ್ಲಿಸುತ್ತದೆ.

ಮಗುವಿನ ತಾಲೀಮಿಗೆ ದುಡ್ಡು ಬೇಕಿಲ್ಲ. ಹೋಗುವ ಜಾಗಕ್ಕೆ ನಾನೊಬ್ಬನೇ ಒಮ್ಮೆ ಹೋಗಿ ಬರುತ್ತೇನೆ. ಗೇಟು, ಟಿಕೆಟ್ ಕೌಂಟರು, ಕೂರುವ ಬೆಂಚು, ಕಕ್ಕಸು, ಹೊರಬರುವ ದಾರಿ, ಇವುಗಳ ಫೋಟೊ ಫೋನಿನಲ್ಲಿ ತೆಗೆದುಕೊಂಡು ಬರುತ್ತೇನೆ. ರಾತ್ರಿ ಊಟದ ನಂತರ ಅದೇ ಕತೆ: ಮೊದಲು ಬಸ್ಸು, ಆಮೇಲೆ ಗೇಟು, ಆಮೇಲೆ ಜಿರಾಫೆ, ಆಮೇಲೆ ಮನೆ. ಕೊನೆಯ ಚಿತ್ರ ಮನೆಯದ್ದೇ ಆಗಿರಬೇಕು, ಅದನ್ನು ಮರೆಯಬೇಡಿ. ಹೀಗೆ ಮುಂದೆ ನಡೆಯುವುದನ್ನು ಮಗುವಿಗೆ ಪುಟ್ಟ ಕತೆಯಾಗಿ ಹೇಳುವ ಕ್ರಮವನ್ನು ಅಮೆರಿಕದ ಕ್ಯಾರೊಲ್ ಗ್ರೇ ಎಂಬ ಶಿಕ್ಷಕಿ 1990ರ ದಶಕದ ಆರಂಭದಲ್ಲಿ ರೂಪಿಸಿದರು. ಥೆರಪಿ ಮೇಡಂಗಳು ಅದನ್ನು ಸೋಷಿಯಲ್ ಸ್ಟೋರಿ ಎನ್ನುತ್ತಾರೆ. ಚಿತ್ರಗಳನ್ನು ಪ್ರಿಂಟು ಹಾಕಿಸಿ ರಟ್ಟಿಗೆ ಅಂಟಿಸಿಟ್ಟರೆ ಫೋನಿನ ಚಾರ್ಜ್ ಹೋದರೂ ಕತೆ ಉಳಿಯುತ್ತದೆ.

ದಸರಾ ಬಗ್ಗೆ ಇನ್ನೊಂದು ಮಾತು. ಇಂಥ ಮಗುವಿಗೆ ಆನೆ ತೋರಿಸಬೇಕೆಂದರೆ ಜಂಬೂಸವಾರಿಗೆ ಬರಲೇಬೇಡಿ. ತಾಲೀಮಿನ ದಿನಗಳಲ್ಲಿ ಬೆಳಿಗ್ಗೆ ಬನ್ನಿ. ಅದೇ ಆನೆಗಳು, ಅದೇ ರಸ್ತೆ, ಪಾಸು ಬೇಡ, ನೂಕುನುಗ್ಗಲಿಲ್ಲ. ನೋಡಿದ್ದು ಸಾಕಾದರೆ ಪಕ್ಕದ ಬೀದಿಗೆ ಇಳಿದುಬಿಡಬಹುದು. ಫಿರಂಗಿ ತಾಲೀಮಿನ ದಿನ ಯಾವುದೆಂದು ಪತ್ರಿಕೆಯಲ್ಲಿ ನೋಡಿಕೊಂಡು ಅದೊಂದನ್ನು ತಪ್ಪಿಸಿ.

ನಮ್ಮ ಮನೆಯ ಅತಿ ದೊಡ್ಡ ಪ್ರವಾಸ ಅಂದರೆ ಚಾಮರಾಜನಗರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು. ಮೈಸೂರಿನಿಂದ ನಂಜನಗೂಡಿಗೆ ಮುಕ್ಕಾಲು ಗಂಟೆಯೊಳಗಿನ ದಾರಿ. ರಜೆ ಇಲ್ಲದ ದಿನ ಮಧ್ಯಾಹ್ನ ಜನ ಕಡಿಮೆ, ಕಿಟಕಿ ಸಿಗುತ್ತದೆ. ನಂಜನಗೂಡಿನಲ್ಲಿ ಇಳಿದು ಎರಡು ಬಾಳೆಹಣ್ಣು ತಿಂದು ಬಸ್ಸಿನಲ್ಲಿ ವಾಪಸು. ದೇವಸ್ಥಾನ ನೋಡಿದರೂ ಸರಿ, ಬಿಟ್ಟರೂ ಸರಿ, ಅವನಿಗೆ ರೈಲೇ ದೇವರು. 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂ ಇಂಥ ಮಕ್ಕಳಿಗೆ ಸ್ವರ್ಗ. ನಿಂತ ಎಂಜಿನ್ ಸದ್ದು ಮಾಡುವುದಿಲ್ಲ, ಎಷ್ಟು ಹೊತ್ತು ಚಕ್ರ ಮುಟ್ಟಿ ನೋಡಿದರೂ ಅದು ಹೊರಟುಹೋಗುವುದಿಲ್ಲ. ಮಗುವಿಗೆ ಏನು ಇಷ್ಟವೋ ಅದರ ಕಡೆ ಹೊರಡಿ. ನಮಗೆ ಇಷ್ಟವಾದದ್ದನ್ನು ಅವರಿಗೆ ತೋರಿಸುವ ಪ್ರವಾಸ ಆಮೇಲೆ ನೋಡಿಕೊಳ್ಳೋಣ.

ಈಗ ನನ್ನ ಕಸುಬಿನ ಮಾತು. ಬಸ್ಸನ್ನು ಅದು ಹೊರಡುವ ಸ್ಟ್ಯಾಂಡಿನಲ್ಲೇ ಹತ್ತಿ, ನಡುದಾರಿಯಲ್ಲಿ ಹತ್ತಬೇಡಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟು ಹಿಡಿಯಿರಿ. ಹಿಂದಿನ ಚಕ್ರ ದಾಟಿದ ಸೀಟುಗಳಲ್ಲಿ ಒಂದೊಂದು ಹಂಪಿಗೂ ಮಗು ಎಗರುತ್ತದೆ. ಮಗು ಕಿಟಕಿಗೆ, ನೀವು ದಾರಿಯ ಕಡೆಗೆ. ಶಾಲೆ, ಕಚೇರಿಯ ಹೊತ್ತು ಬಿಟ್ಟು ಹತ್ತೂವರೆಯಿಂದ ಮೂರರ ಒಳಗೆ ಹೋಗಿ ಬನ್ನಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಬಂದ ಮೇಲೆ ಮಗಳಿಗೆ ಇವನನ್ನು ಕರೆದುಕೊಂಡು ಓಡಾಡುವ ಖರ್ಚು ಇಳಿದಿದೆ, ನಿಜ, ಬಸ್ಸಿನಲ್ಲಿ ಜನವೂ ಏರಿದ್ದಾರೆ. ಹತ್ತಿದ ಕೂಡಲೇ ಕಂಡಕ್ಟರಿಗೆ ಮೆತ್ತಗೆ ಹೇಳಿಡಿ: “ಮಗುವಿಗೆ ಆಟಿಸಂ ಇದೆ, ನಡುವೆ ಕೂಗಬಹುದು, ಹೆದರಬೇಡಿ.” ಗೊತ್ತಿದ್ದರೆ ನಾವು ಕಂಡಕ್ಟರುಗಳು ಉಳಿದ ಪ್ರಯಾಣಿಕರನ್ನು ಸಂಭಾಳಿಸುತ್ತೇವೆ. ಗೊತ್ತಿಲ್ಲದಿದ್ದರೆ ನಾವೂ ಅವರ ಜೊತೆ ಸೇರಿ ಗದರುತ್ತೇವೆ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಆಟಿಸಂ ಅದರಲ್ಲಿದೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು ಮಾಡಿಸಿದ್ದರೆ ಬಹಳಷ್ಟು ಬಾಗಿಲು ಅದರಿಂದಲೇ ತೆರೆಯುತ್ತವೆ. ಸಾರಿಗೆ ಸಂಸ್ಥೆಯ ವಿಕಲಚೇತನರ ರಿಯಾಯಿತಿ ಪಾಸಿಗೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು. ವಾಸದ ಊರಿನಿಂದ 100 ಕಿ.ಮೀ. ಒಳಗೆ ನಡೆಯುತ್ತದೆ, ಮೈಸೂರಿನವರಿಗೆ ಶ್ರೀರಂಗಪಟ್ಟಣ, ಮೇಲುಕೋಟೆ, ಸೋಮನಾಥಪುರ ಎಲ್ಲ ಅಷ್ಟರೊಳಗೇ ಬಂತು. ರೈಲಿನಲ್ಲಿ, ಬೌದ್ಧಿಕ ಅಂಗವೈಕಲ್ಯ ಇದ್ದು ಜೊತೆಗೊಬ್ಬರಿಲ್ಲದೆ ಪ್ರಯಾಣಿಸಲಾಗದವರಿಗೆ ಸೆಕೆಂಡ್ ಕ್ಲಾಸ್, ಸ್ಲೀಪರ್, ಥರ್ಡ್ ಎಸಿ ದರ್ಜೆಗಳಲ್ಲಿ ಶೇ 75 ರಿಯಾಯಿತಿ ಉಂಟು, ಜೊತೆಗೆ ಹೋಗುವವರಿಗೂ ಅಷ್ಟೇ. ಆದರೆ ರೈಲ್ವೆ ಕೇಳುವುದು ತನ್ನದೇ ನಮೂನೆಯ ಪ್ರಮಾಣಪತ್ರ. ಡಾಕ್ಟರು ಸಹಿ ಹಾಕುವ ಮುಂಚೆಯೇ ಆ ನಮೂನೆಯನ್ನು ಅವರ ಮುಂದಿಡಿ.

ಥೆರಪಿಗೆ ಬರುವ ನಾಲ್ಕೈದು ಮನೆಯವರು ಸೇರಿ ಒಮ್ಮೆ ಮೃಗಾಲಯಕ್ಕೆ ಹೋಗಿದ್ದೆವು. ನಮ್ಮ ಜೊತೆ ಸೆರೆಬ್ರಲ್ ಪಾಲ್ಸಿ ಇರುವ, ವೀಲ್‌ಚೇರಿನಲ್ಲಿ ಓಡಾಡುವ ಹುಡುಗಿಯೊಬ್ಬಳಿದ್ದಳು. ಮೊಮ್ಮಗನಿಗೆ ಬೇಕಾದದ್ದೇ ಬೇರೆ, ಅವಳಿಗೆ ಬೇಕಾದದ್ದೇ ಬೇರೆ ಎಂದು ನನಗೆ ಚೆನ್ನಾಗಿ ಗೊತ್ತಾದದ್ದು ಆವತ್ತು. ಇವನಿಗೆ ಖಾಲಿ ಜಾಗ ಬೇಕು. ಅವಳಿಗೆ ಜನ ಇದ್ದಷ್ಟೂ ಖುಷಿ, ಮೆಟ್ಟಿಲು ಮಾತ್ರ ಬೇಡ. ಯಾವುದೇ ಜಾಗಕ್ಕೆ ಫೋನು ಮಾಡಿ ‘ವೀಲ್‌ಚೇರಿಗೆ ವ್ಯವಸ್ಥೆ ಇದೆಯಾ?’ ಎಂದರೆ ‘ಎಲ್ಲಾ ಇದೆ, ಬನ್ನಿ ಸಾರ್’ ಎನ್ನುತ್ತಾರೆ. ಹಾಗೆ ಕೇಳಬೇಡಿ ಎಂದು ಅವಳ ತಾಯಿ ಹೇಳಿಕೊಟ್ಟರು. ಗೇಟಿನಿಂದ ಒಳಕ್ಕೆ ಎಷ್ಟು ಮೆಟ್ಟಿಲು? ಕಕ್ಕಸಿನ ಬಾಗಿಲು ಎಷ್ಟು ಅಗಲ? ಕೂರುವುದು ಭಾರತೀಯ ಮಾದರಿಯೋ ಕಮೋಡೋ? ಹೀಗೆ ಅಳತೆ ಕೇಳಬೇಕಂತೆ. ಇಳಿಜಾರಿಗೂ ಲೆಕ್ಕವಿದೆ. ಒಂದು ಅಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಒಂದೂವರೆ ಅಡಿಯ ಮೂರು ಮೆಟ್ಟಿಲಿಗೆ 18 ಅಡಿ. ನಮ್ಮ ಎಷ್ಟೋ ಕಟ್ಟಡಗಳ ಮುಂದೆ ಇರುವುದು ಸ್ಕೂಟರ್ ಹತ್ತಿಸುವ ಇಳಿಜಾರು, ಅದರಲ್ಲಿ ವೀಲ್‌ಚೇರ್ ತಳ್ಳಿದರೆ ತಳ್ಳಿದವನೇ ಹಿಂದಕ್ಕೆ ಬೀಳುತ್ತಾನೆ.

ಕಕ್ಕಸಿನ ವಿಷಯ ಯಾರೂ ಬರೆಯುವುದಿಲ್ಲ, ಆದರೆ ಎಷ್ಟೋ ಮನೆಗಳ ಪ್ರವಾಸ ನಿಂತಿರುವುದು ಅದರಿಂದಲೇ. ಮೀಸೆ ಮೂಡುತ್ತಿರುವ ಹುಡುಗ, ಒಬ್ಬನೇ ಹೋಗಲಾರ. ತಾಯಿ ಅವನನ್ನು ಹೆಂಗಸರ ಕಡೆ ಕರೆದುಕೊಂಡು ಹೋದರೆ ಒಳಗಿದ್ದವರು ಬೈಯುತ್ತಾರೆ, ಗಂಡಸರ ಕಡೆ ಅವಳು ಕಾಲಿಡುವಂತಿಲ್ಲ. ಅಂಗವಿಕಲರಿಗೆಂದು ಬೇರೆಯೇ ಕಟ್ಟಿಸಿದ ಕಕ್ಕಸಿದ್ದರೆ ಅದೇ ಪರಿಹಾರ, ಅದಕ್ಕೆ ಬೀಗ ಹಾಕಿ ಒಳಗೆ ಪೊರಕೆ, ಬಕೆಟ್ ತುಂಬಿಟ್ಟಿರದಿದ್ದರೆ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನೂ ಫೋನಿನಲ್ಲೇ ಕೇಳಿಡಿ.

ಮೃಗಾಲಯದ ಮಾತಿಗೆ ಮತ್ತೆ ಬರುತ್ತೇನೆ. 1892ರಲ್ಲಿ ಶುರುವಾದ ಅದು ದೊಡ್ಡ ಜಾಗ, 150 ಎಕರೆಗೂ ಮೀರಿದ್ದು. ನಡೆದು ಸುತ್ತುವಷ್ಟರಲ್ಲಿ ನಮಗೇ ಕಾಲು ಸೋಲುತ್ತದೆ. ಬ್ಯಾಟರಿ ಗಾಡಿ ಇದೆ, ಅದರಲ್ಲಿ ಹೋಗಿ. ಮೊಮ್ಮಗನಿಗಂತೂ ಜಿರಾಫೆ ಕಂಡರೆ ಅಲ್ಲಿಗೆ ಮೃಗಾಲಯ ಮುಗಿಯಿತು. ಕೊಟ್ಟ ದುಡ್ಡಿಗೆ ಹುಲಿ, ಸಿಂಹ ಎಲ್ಲ ನೋಡಿಯೇ ತೀರಬೇಕು ಅನ್ನುವುದು ದೊಡ್ಡವರ ಹಠ. ಆದರೆ ಅವನ ಅಕ್ಕನಿಗೆ ಹುಲಿ ನೋಡಬೇಕಲ್ಲ? ಅದಕ್ಕೇ ಯಾವತ್ತೂ ದೊಡ್ಡವರು ಇಬ್ಬರಿರಬೇಕು. ಒಬ್ಬರು ಇವನೊಂದಿಗೆ ಹೊರಬಂದು ಬೆಂಚಿನ ಮೇಲೆ ಕೂರುವುದು, ಇನ್ನೊಬ್ಬರು ಅಕ್ಕನೊಂದಿಗೆ ಪೂರ್ತಿ ಸುತ್ತುವುದು. ತಮ್ಮನಿಂದಾಗಿ ಎಲ್ಲವೂ ಅರ್ಧಕ್ಕೇ ನಿಂತಿತು ಎಂಬ ಸಿಟ್ಟು ಆ ಮಗುವಿನಲ್ಲಿ ಬೆಳೆಯಬಾರದು.

ನೀರು ಕಂಡರೆ ಮಾತ್ರ ಎರಡು ಪಟ್ಟು ಎಚ್ಚರ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರೆಂದರೆ ಸೆಳೆತ, ಅಪಾಯದ ಅರಿವಿಲ್ಲ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ದೊಡ್ಡವರ ಕಣ್ಣು ತಪ್ಪಿಸಿ ಹೊರಟುಹೋಗಲು ನೋಡಿದ್ದಾರೆ ಎಂದು ಕಂಡುಬಂತು. ಬಲಮುರಿಯಂಥ ಕಡೆ ಕೈ ಬಿಡುವ ಮಾತೇ ಇಲ್ಲ. ಹೊರಡುವ ದಿನ ಎದ್ದು ಕಾಣುವ ಬಣ್ಣದ ಅಂಗಿ ಹಾಕಿ, ಅದೇ ಅಂಗಿಯಲ್ಲಿ ಬೆಳಿಗ್ಗೆಯೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಫೋನ್ ನಂಬರನ್ನು ಕಾಲರಿನ ಒಳಗಡೆ ಅಳಿಸದ ಪೆನ್ನಿನಲ್ಲಿ ಬರೆಯಿರಿ. ಕಳೆದುಹೋದರೆ ಮೊದಲು ಹುಡುಕಬೇಕಾದದ್ದು ನೀರಿರುವ ಕಡೆ. ಬಸ್ ಸ್ಟ್ಯಾಂಡಿನಲ್ಲಾದರೆ ಸಂಚಾರ ನಿಯಂತ್ರಕರ ಕೊಠಡಿಗೆ ಓಡಿ, ಮೈಕು ಇರುವುದು ಅಲ್ಲಿ. ಆಮೇಲೆ 112.

ಈ ಮಕ್ಕಳಲ್ಲಿ ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಗುಳಿಗೆ ಒಂದು ದಿನಕ್ಕೆ ಹೆಚ್ಚೇ ಇಟ್ಟುಕೊಳ್ಳಿ, ಅರ್ಧ ಕೈಚೀಲದಲ್ಲಿ, ಅರ್ಧ ಜೇಬಿನಲ್ಲಿ. ದಾರಿಯಲ್ಲಿ ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸುತ್ತ ಜಾಗ ಬಿಡಿಸಿ, ಗಡಿಯಾರ ನೋಡಿ. ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ. ಯಾರೋ ಬೀಗದ ಕೈಗೊಂಚಲು ತಂದು ಮುಷ್ಟಿಗೆ ತುರುಕಲು ಬಂದೇ ಬರುತ್ತಾರೆ, ಅದರಿಂದ ಏನೂ ಆಗುವುದಿಲ್ಲ, ನಯವಾಗಿ ಬೇಡ ಎನ್ನಿ. ಐದು ನಿಮಿಷ ದಾಟಿದರೆ ಆಸ್ಪತ್ರೆ.

ವ್ಯವಸ್ಥೆ ಮಾಡಿದರೆ ಆಗುತ್ತದೆ ಎನ್ನುವುದಕ್ಕೆ ಉದಾಹರಣೆಗಳಿವೆ. ಬೆಂಗಳೂರಿನಲ್ಲಿ ಪೋಷಕರು ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ ಪಾಲಿಕೆಯ ಜೊತೆ ಸೇರಿ ಕೋಲ್ಸ್ ಪಾರ್ಕಿನಂಥ ಕಡೆ ಎಲ್ಲ ಮಕ್ಕಳೂ ಕೂಡಿ ಆಡುವ ಜಾಗ ಮಾಡಿಸಿತು. ಚೆನ್ನೈನ ಮರೀನಾದಲ್ಲಿ 2022ರ ನವೆಂಬರಿನಲ್ಲಿ ಅಲೆಗಳ ಹತ್ತಿರದವರೆಗೆ ವೀಲ್‌ಚೇರ್ ಹೋಗುವ ಮರದ ಹಾದಿ ಹಾಕಿದರು. ಮುಂದಿನ ತಿಂಗಳೇ ಚಂಡಮಾರುತಕ್ಕೆ ಕಿತ್ತುಹೋಯಿತು, ಮತ್ತೆ ರಿಪೇರಿ ಮಾಡಿದರು. ನಮ್ಮ ಕರಾವಳಿಯಲ್ಲೂ ಇಂಥದ್ದು ಬರಲಿ. ವೀಲ್‌ಚೇರಿನ ಹುಡುಗಿ ಸಮುದ್ರ ನೋಡಬೇಕು ಎನ್ನುತ್ತಿದ್ದಾಳೆ.

ಇಂಥ ಮಗು ಮನೆಯಲ್ಲಿಲ್ಲದ ಓದುಗರಲ್ಲಿ ಒಂದು ಕೋರಿಕೆ. ಬಸ್ಸಿನಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗ ಕಿವಿ ಮುಚ್ಚಿಕೊಂಡು ಕೂಗುತ್ತಿದ್ದರೆ, ಪಕ್ಕದಲ್ಲಿ ತಾಯಿ ಅವನ ಬೆನ್ನು ಒತ್ತಿ ಹಿಡಿದು ಕೂತಿದ್ದರೆ, ಯಾವ ದೇವರಿಗೆ ಹರಕೆ ಹೊರಬೇಕು, ಯಾವ ಊರಿನಲ್ಲಿ ಔಷಧಿ ಕೊಡುತ್ತಾರೆ ಎಂದು ಹೇಳಲು ಹೋಗಬೇಡಿ. ಫೋನ್ ಎತ್ತಿ ವಿಡಿಯೊ ಮಾಡಬೇಡಿ. ನಿಮ್ಮದು ಕಿಟಕಿ ಸೀಟಾಗಿದ್ದರೆ ಬಿಟ್ಟುಕೊಡಿ. ‘ಏನಾದರೂ ಬೇಕೇನಮ್ಮ?’ ಎಂದು ಒಮ್ಮೆ ಕೇಳಿ. ಬೇಡ ಎಂದರೆ ನಿಮ್ಮ ಪಾಡಿಗೆ ನೀವು ಕೂತಿರಿ.